ಸ್ವಿಟ್ಜರ್ಲೆಂಡ್ ದೇಶದ ಸೇನಾವ್ಯವಸ್ಥೆ

1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣದ ಹೆಸರನ್ನು ನಮ್ಮ ವಾಚಕರಲ್ಲಿ ಅರಿಯದವರು ವಿರಳ. ಆ ಪಟ್ಟಣವು ಸ್ವಿಟ್ಜರ್ಲೆಂಡಿನ ಗಡಿಯಲ್ಲಿ, ರೈನ್ ನದಿಯ ದಡದಲ್ಲಿ, ಜರ್ಮನಿಗೂ ಫ್ರಾನ್ಸಿಗೂ ತಾಗಿಕೊಂಡಿದೆ. ಬಲಾಢ್ಯ ರಾಜ್ಯಗಳ ನಡುವಿನ ಇಂಥ ಚಿಕ್ಕ ದೇಶವು ತನ್ನನ್ನು ಕಾಪಾಡಿಕೊಳ್ಳುವ ಬಗೆಯನ್ನು ತಿಳಿಯುವುದು ಉಚಿತವಾಗಿದೆ.

ಅಲ್ಲಿ ಸಂಬಳದ ಸಿಪಾಯಿಗಳು ಬಹು ಕೊಂಚ. ದೇಹದಾರ್ಢ್ಯವುಳ್ಳ ತರುಣರೆಲ್ಲರೂ ಸೇವೆಗೆ ಬದ್ಧರು. ಮನಸ್ಸಾಕ್ಷಿಯ ನಿಮಿತ್ತ ಆಯುಧ ಹಿಡಿಯಲೊಲ್ಲದವರಿಗೆ 1996ರಿಂದ ಬೇರೆ ಲೋಕಸೇವೆಯುಂಟು. ಸಾಮಾನ್ಯವಾಗಿ ಹದಿನೆಂಟು ವಾರಗಳ ಶಿಕ್ಷಣ ಮುಗಿಸಿ ತಮ್ಮ ಕಸಬಿಗೆ ಮರಳುವ ಇವರು, ಮುಂದೆ ಕೆಲವು ವರ್ಷ ಸುಮಾರು ಮೂರು ವಾರಗಳಂತೆ ದಂಡಿಗೆ ಬಂದು ಹೋಗುತ್ತಾರೆ. ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳುವ ವಾಡಿಕೆಯೂ ಉಂಟು. ಗುಂಡುಗಳನ್ನು ಮಾತ್ರ 2007ರ ತರುವಾಯ ಮನೆಗಳಿಂದ ಹಿಂದಕ್ಕೆ ಪಡೆದರು. ಶಾಂತಿಕಾಲದಲ್ಲಿ ಜನರಲ್ ಎಂಬ ಪದವಿಯೇ ಇಲ್ಲ. ಅಪಾಯ ಬಂದಾಗ ಪ್ರತಿನಿಧಿಸಭೆಯವರೇ ಒಬ್ಬನನ್ನು ಚುನಾಯಿಸುತ್ತಾರೆ.

1939ರ ಆಗಸ್ಟ್ 30ರಂದು ಹೀಗೆ ಚುನಾಯಿತನಾದವನು ಆಂರಿ ಗಿಸಾನ್. ಆಗಿನ ಜನಸಂಖ್ಯೆ ಸುಮಾರು 42 ಲಕ್ಷ. ಆಯುಧ ಧರಿಸಿ ಹೊರಟವರು ನಾಲ್ಕು ಲಕ್ಷಕ್ಕೂ ಮಿಕ್ಕು. 1940ರ ಜೂನಿನಲ್ಲಿ ಫ್ರಾನ್ಸ್ ಬೀಳಲು, ದೇಶವು ಸುತ್ತುವರಿಯಲ್ಪಟ್ಟಿತು. ಜುಲೈ 25ರಂದು ಗಿಸಾನನು ರ್‍ಯೂಟ್ಲಿ ಎಂಬ ಹುಲ್ಲುಗಾವಲಿನಲ್ಲಿ ತನ್ನ ಹಿರಿಯ ಅಧಿಕಾರಿಗಳನ್ನು ಕೂಡಿಸಿ ಹೊಸ ಉಪಾಯವನ್ನು ವಿವರಿಸಿದನು. ಮುಖ್ಯ ಸೈನ್ಯವು ಆಲ್ಪ್ಸ್ ಪರ್ವತಗಳೊಳಗೆ ಸೇರಿ ಕಣಿವೆಗಳನ್ನು ಕಾಯಬೇಕು. ಶತ್ರುವು ನುಗ್ಗಿದರೆ ಗೊಟ್ಟಾರ್ಡ್ ರೈಲುಸುರಂಗವನ್ನು ಸಿಡಿಸಿಬಿಡಬೇಕು. ಜರ್ಮನಿಯಿಂದ ಇಟಲಿಗೆ ಕಲ್ಲಿದ್ದಲು ಹೋಗುತ್ತಿದ್ದ ದಾರಿ ಅದು.

ಆದರೆ ಜನರಲ್ಲಿ ಹೆಚ್ಚು ಪಾಲು ವಾಸಿಸುತ್ತಿದ್ದುದು ಬಯಲಿನಲ್ಲಿ. ಬಾಸೆಲ್, ಜ್ಯೂರಿಕ್, ಜಿನೀವಾ ಎಲ್ಲವೂ ಆ ಕೋಟೆಯ ಹೊರಗೆ ಉಳಿದವು. ಸಿಪಾಯಿಯು ಬಂಡೆಗಳ ಮರೆಯಲ್ಲಿ, ಅವನ ಹೆಂಡತಿ ಮಕ್ಕಳು ಶತ್ರುವಿನ ದಾರಿಯಲ್ಲಿ! ಇದಕ್ಕೆ ಒಪ್ಪಿದ ತಂದೆಗಳ ಮನಸ್ಸು ಎಂಥದಿದ್ದಿರಬೇಕು?

ಆದುದರಿಂದ ಭಾರದ ದೊಡ್ಡ ಪಾಲು ಮನೆಯವರ ಮೇಲೆಯೇ ಬಿತ್ತೆನ್ನಬೇಕು. ಧಣಿಗಳೂ ಕೆಲಸಗಾರರೂ ಸರಕಾರವೂ ಕೂಡಿಸಿದ ನಿಧಿಯಿಂದ 1940ರಲ್ಲಿ ಸಿಪಾಯಿಗಳ ಕೂಲಿನಷ್ಟಕ್ಕೆ ಪರಿಹಾರ ದೊರೆಯತೊಡಗಿತು. ಹೆಂಗಸರು ಹೊಲಗಳನ್ನು ನೋಡಿಕೊಂಡರು. ಪಟ್ಟಣದ ಉದ್ಯಾನಗಳಲ್ಲಿಯೂ ಬಟಾಟೆ ಬೆಳೆಯಿತು. ಅನೇಕ ಸ್ತ್ರೀಯರು ದಂಡಿನ ಸಹಾಯಕ ಸೇವೆಗೆ ಸೇರಿದರು.

ಆ ದೇಶವು ಯುದ್ಧದಿಂದ ಪಾರಾದದ್ದು ಪರ್ವತಗಳ ಬಲದಿಂದ ಮಾತ್ರವಲ್ಲ. ಜರ್ಮನಿಯೊಂದಿಗೆ ವ್ಯಾಪಾರವೂ ನಡೆದೇ ಇತ್ತು. 1942ರ ಆಗಸ್ಟಿನಲ್ಲಿ, ಪ್ರಾಣ ಉಳಿಸಿಕೊಳ್ಳಲು ಓಡಿಬಂದ ಯೆಹೂದ್ಯರಿಗೆ ಗಡಿಯನ್ನು ಮುಚ್ಚಲಾಯಿತು. ಇದನ್ನು ಮರೆಮಾಚಿ ಗಿಸಾನನನ್ನು ಹೊಗಳುವುದು ನ್ಯಾಯವಲ್ಲ.

ದೇಶ ಕಾಯುವುದರಲ್ಲಿ ಪಾಲುಗೊಂಡ ಸ್ತ್ರೀಯರಿಗಾದರೋ ಒಕ್ಕೂಟದ ಮತಾಧಿಕಾರವು ಬಹುಕಾಲ ಲಭಿಸಲಿಲ್ಲ. 1959ರಲ್ಲಿ ಪುರುಷರು ಅದನ್ನು ನಿರಾಕರಿಸಿದರು, 1971ರಲ್ಲಿ ಒಪ್ಪಿದರು. ಸ್ತ್ರೀಯರಿಗೆ ಸೈನ್ಯಸೇವೆಯು ಕಡ್ಡಾಯವಲ್ಲ. ಸ್ವಇಚ್ಛೆಯಿಂದ ಸೇರುವವರಿಗೆ 2004ರಿಂದ ಸೇನೆಯ ಎಲ್ಲಾ ಕೆಲಸಗಳೂ ತೆರೆದಿವೆ. 2019ರಲ್ಲಿ ವಿಯೋಲಾ ಆಮ್ಹರ್ಡ್ ಎಂಬವರು ಆ ದೇಶದ ರಕ್ಷಣಾ ಇಲಾಖೆಯ ಮೊದಲನೆಯ ಮಹಿಳಾ ಮುಖ್ಯಸ್ಥರಾದರು.