ನಿಮಗಿದು ಗೊತ್ತೇ? ಹಣೆಯ ಹಿಂದಿನ ಗುಮಾಸ್ತ

● ‘ಶಿವಾಜಿನಗರ’ ಎಂದರೆ ಬೆಂಗಳೂರಿಗರಿಗೆ ಥಟ್ಟನೆ ಹೊಳೆಯುವುದು ರಸೆಲ್ ಮಾರ್ಕೆಟ್. ಪುಣೆಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಅಲ್ಲಿಯ ಶಿವಾಜಿನಗರವೂ ಗೊತ್ತು. ಒಂದೇ ಹೆಸರಿಗೆ ಎರಡು ನೆನಪು ನುಗ್ಗಿದಾಗ ಬೇಡದ್ದನ್ನು ತಡೆದು, ಬೇಕಾದ್ದನ್ನು ಆರಿಸಿಕೊಡುವ ಗುಮಾಸ್ತನೆಂದರೆ ಹಣೆಯ ಹಿಂದಿರುವ ಮಿದುಳಿನ ಮುಂಹಾಲೆ, ಮುಖ್ಯವಾಗಿ ಅದರ ಎಡಗಡೆಯ ಕೆಳಭಾಗ.

● ಆದರೆ ಹೊಸ ನೆನಪು ಗಟ್ಟಿಯಾಗಲು ಈ ಗುಮಾಸ್ತನೊಬ್ಬನೇ ಸಾಲದು. ಮಿದುಳಿನ ಒಳಗಿರುವ ಹಿಪ್ಪೊಕ್ಯಾಂಪಸ್ ಬೇಕು. ಅಮೆರಿಕದ ಹೆನ್ರಿ ಮೊಲೈಸನ್ ಅವರ ಮೂರ್ಛೆರೋಗಕ್ಕೆಂದು 1953ರಲ್ಲಿ ವೈದ್ಯರು ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಹೇಳಿದ ಸಂಖ್ಯೆಯನ್ನು ಮನಸ್ಸಿನಲ್ಲೇ ಗುನುಗಿಕೊಳ್ಳುತ್ತಿರುವಷ್ಟು ಹೊತ್ತು ಅದು ಅವರಿಗೆ ನೆನಪಿರುತ್ತಿತ್ತು. ಗಮನ ಅತ್ತಿತ್ತ ಸರಿಯಿತೋ, ಸಂಖ್ಯೆಯೂ ಹೋಯಿತು, ಕೇಳಿದವರು ಬಂದದ್ದೂ ಮರೆಯಿತು.

● ಮಾತಿನ ವಿಷಯಗಳನ್ನು ಕಲಿಯುವಾಗ ಎಡ ಮುಂಹಾಲೆ ಹೆಚ್ಚು ಚುರುಕು, ನೆನಪಿಸಿಕೊಳ್ಳುವಾಗ ಬಲ ಎಂದು 1994ರಲ್ಲಿ ಮನೋವಿಜ್ಞಾನಿ ಎಂಡೆಲ್ ಟುಲ್ವಿಂಗ್ ಮತ್ತು ಸಂಗಡಿಗರು ಹೇಳಿದರು. ಮುಖ, ಚಿತ್ರಗಳ ವಿಷಯಕ್ಕೆ ಬಂದಾಗ ಈ ಲೆಕ್ಕ ಅಷ್ಟು ಸಲೀಸಾಗಿ ಕೂಡುವುದಿಲ್ಲ.

● ಮುಂಹಾಲೆಗೆ ಪೆಟ್ಟಾದವರಲ್ಲಿ ಕೆಲವರಿಗೆ ಸುದ್ದಿ ನೆನಪಿರುತ್ತದೆ, ಹೇಳಿದವರು ಯಾರೆಂಬುದು ಮರೆತಿರುತ್ತದೆ. (ವಾಟ್ಸ್ಆ್ಯಪ್ ಬಂದ ಮೇಲೆ ಪೆಟ್ಟಿಲ್ಲದವರ ಪಾಡೂ ಇಷ್ಟೇ!) ಇನ್ನು ಕೆಲವರು ನಡೆಯದ ಸಂಗತಿಯನ್ನು ನಡೆದಂತೆಯೇ ಹೇಳುತ್ತಾರೆ. ಅದು ಸುಳ್ಳಲ್ಲ, ಅವರು ಅದನ್ನು ನಿಜವಾಗಿಯೂ ನಂಬಿರುತ್ತಾರೆ.

● ಒಮ್ಮೆ ಕೇಳಿ ಏಳೆಂಟು ಅಂಕಿ ತಿರುಗಿ ಹೇಳಿದರೆ ನಾವು ನೀವು ಬೀಗಬಹುದು. ಮಂಗಳೂರಿನಲ್ಲಿ 1981ರ ಜುಲೈ 5ರಂದು ರಾಜನ್ ಮಹಾದೇವನ್ ‘ಪೈ’ ಸಂಖ್ಯೆಯ 31,811 ಅಂಕಿಗಳನ್ನು ಬಾಯಿಪಾಠವಾಗಿ ಒಪ್ಪಿಸಿ ಗಿನ್ನೆಸ್ ದಾಖಲೆ ಸೇರಿದರು. ಮುಂದೆ ಅಮೆರಿಕದ ಮನೋವಿಜ್ಞಾನಿಗಳು ಅವರನ್ನು ಬಿಡದೆ ಪರೀಕ್ಷಿಸಿದರು. ಅಂಕಿಗಳಲ್ಲಿ ಅವರನ್ನು ಮೀರಿಸುವವರೇ ವಿರಳ. ಆದರೆ ಯಾವ ವಸ್ತುವಿನ ಚಿತ್ರ ಎಲ್ಲಿತ್ತು, ಯಾವ ಕಡೆಗೆ ತಿರುಗಿತ್ತು ಎಂದು ಕೇಳಿದರೆ? 1992ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವರ ನೆನಪು ತೀರ ಸಾಧಾರಣ! ಅಂದಹಾಗೆ, ಅಂಕಿಗಳನ್ನು ಗುಂಪು ಕಟ್ಟಿ ನೆನಪಿಟ್ಟುಕೊಳ್ಳುವಾಗ ಯಾರ ತಲೆಯಲ್ಲಾದರೂ ಮುಂಹಾಲೆಗೆ ಕೈತುಂಬ ಕೆಲಸ.

● ಮತ್ತೆ ಪುಣೆಯ ಶಿವಾಜಿನಗರಕ್ಕೆ ಬಂದರೆ, ಸರ್ ಎಂ. ವಿಶ್ವೇಶ್ವರಯ್ಯನವರು ಓದಿದ್ದು ಅಲ್ಲಿರುವ ಇಂಜಿನಿಯರಿಂಗ್ ಸಂಸ್ಥೆಯಲ್ಲಿ, ಆಗ ಅದು ಕಾಲೇಜ್ ಆಫ್ ಸೈನ್ಸ್. ಅವರು ಪರೀಕ್ಷೆ ಗೆದ್ದದ್ದು 1883ರಲ್ಲಿ, ಆತ್ಮಕಥನ ಪ್ರಕಟವಾದದ್ದು 1951ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ. ಹೀಗೆ ಇಳಿವಯಸ್ಸಿನಲ್ಲಿ ಹಿಂತಿರುಗಿ ನೋಡುವವರಿಗೆ ಹತ್ತರಿಂದ ಮೂವತ್ತರೊಳಗಿನ ಘಟನೆಗಳೇ ಹೆಚ್ಚು ನೆನಪಾಗುವುದು ಸಾಮಾನ್ಯ. ನೆನಪು ಹಳೆಯದಾದಂತೆ ಹಿಪ್ಪೊಕ್ಯಾಂಪಸ್‌ನ ಹಂಗು ತಗ್ಗಿ, ಮುಂಹಾಲೆಯ ನಡುಭಾಗದ ಪಾತ್ರ ಹೆಚ್ಚುವುದನ್ನು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

● ‘ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ’ ಎಂದದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ ನೆನಪಾಗುತ್ತದಲ್ಲ, ಅದರ ಹೊಣೆ ಮುಂಹಾಲೆಯ ತೀರಾ ಮುಂದಿನ ತುದಿಯದು. ಮಾಡಬೇಕಾದ ಕೆಲಸವನ್ನು ಹೊತ್ತಿಗೆ ಸರಿಯಾಗಿ ಎಚ್ಚರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಸೊಪ್ಪಿನ ವಿಷಯ ತಲೆಯಿಂದ ಹೋಗಿರಲಿಲ್ಲ. ಅಂಗಡಿ ಎದುರಾದಾಗ ಎಚ್ಚರಿಸಬೇಕಾದವನು ಬೇರೆ ಯೋಚನೆಯಲ್ಲಿದ್ದ, ಅಷ್ಟೆ.