ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಟಿಎಸ್‌ಎಚ್ ಒಂದನ್ನೇ ನೋಡಿ ಹೆದರಬೇಡಿ

ಥೈರಾಯ್ಡ್ ಜಾಸ್ತಿ ಕೆಲಸ ಮಾಡೋ ಕಾಯಿಲೆಗೆ ಮಾತ್ರೆ ತಗೊಳ್ತಿದ್ದೀರಾ? ಅಥವಾ ಮನೆಯಲ್ಲಿ ಅಂಥವರು ಇದ್ದಾರಾ? ಹಾಗಿದ್ರೆ ಇವತ್ತಿನ ಮಾತು ನಿಮಗೆ. ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡ್ತೀನಿ.

ವಿಮಾನ ನಗರಕ್ಕೆ ಬಂದು ಎರಡನೇ ವರ್ಷ. ಮೀಟಿಂಗ್‌ನಲ್ಲಿ ಸುಮ್ಮನೆ ಕೂತಿದ್ರೂ ಎದೆ ಡವಡವ, ಕೈ ನಡುಕ, ಎಸಿ ಇದ್ರೂ ಬೆವರು. ಎರಡು ತಿಂಗಳಲ್ಲಿ ಆರು ಕೆಜಿ ಇಳಿದಿದ್ದೆ. ಡೆಡ್‌ಲೈನ್ ಟೆನ್ಷನ್ ಅಂದ್ಕೊಂಡಿದ್ದೆ. ಧಾರವಾಡದಿಂದ ಬಂದ ಅವ್ವ ನನ್ನ ಮುಖ ನೋಡಿದವಳೇ, "ಯವ್ವಾ, ಇದು ಬರೇ ಕೆಲಸದ ದಣಿವಲ್ಲ, ಮೊದ್ಲ ಡಾಕ್ಟರಿಗೆ ತೋರ್ಸು" ಅಂದ್ಲು. ಪರೀಕ್ಷೆ ಮಾಡಿಸಿದ್ರೆ ಫ್ರೀ ಟಿ4 4.2 ಇತ್ತು. ಆ ಲ್ಯಾಬ್‌ನ ಮಿತಿ 0.9ರಿಂದ 1.7. ಟಿಎಸ್‌ಎಚ್ 0.01. ಗ್ರೇವ್ಸ್ ಕಾಯಿಲೆ ಅಂತ ಗೊತ್ತಾಯ್ತು. ದಿನಕ್ಕೆ 20 ಮಿಲಿಗ್ರಾಂ ಕಾರ್ಬಿಮಜೋಲ್ ಶುರುವಾಯ್ತು.

ಆರು ವಾರ ಆದ್ಮೇಲೆ ಲ್ಯಾಬ್ ಹುಡುಗ ಮನೆಗೇ ಬಂದು ರಕ್ತ ತಗೊಂಡು ಹೋದ. ಸಂಜೆ ವಾಟ್ಸಾಪ್‌ಗೆ ಪಿಡಿಎಫ್ ಬಂತು. ಫ್ರೀ ಟಿ4 1.3, ಸರಿಯಾಗಿದೆ. ಆದ್ರೆ ಟಿಎಸ್‌ಎಚ್ ಮುಂದೆ ಅದೇ ಕೆಂಪು ಗುರುತು, ಅದೇ 0.01. ಮಾತ್ರೆ ಸಾಲ್ತಿಲ್ಲ ಅಂತ ನಾನೇ ತೀರ್ಮಾನ ಮಾಡಿ, ರಿಲೀಸ್ ವಾರದ ಗಡಿಬಿಡಿಯಲ್ಲಿ ಡಾಕ್ಟರನ್ನೂ ಕೇಳದೆ 20 ಇದ್ದದ್ದನ್ನ 30 ಮಾಡ್ಕೊಂಡೆ.

ಐದು ವಾರಕ್ಕೆ ಮೈಯೆಲ್ಲ ಭಾರ, ಮುಖ ಊತ, ಮಧ್ಯಾಹ್ನ ಲ್ಯಾಪ್‌ಟಾಪ್ ಮುಂದೆಯೇ ನಿದ್ದೆ. ಈ ಸಲ ಫ್ರೀ ಟಿ4 0.6, ಮಿತಿಗಿಂತ ಕೆಳಗೆ. ಟಿಎಸ್‌ಎಚ್? ಅದಿನ್ನೂ 0.08ರಲ್ಲೇ ಇತ್ತು!

ಯಾಕೆ ಹೀಗೆ? ಟಿಎಸ್‌ಎಚ್ ಥೈರಾಯ್ಡ್‌ನಲ್ಲಿ ಹುಟ್ಟೋದಲ್ಲ. ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸೋ ಆಜ್ಞೆ ಅದು. ರಕ್ತದಲ್ಲಿ ಟಿ3, ಟಿ4 ತಿಂಗಳುಗಟ್ಟಲೆ ತುಂಬಿ ತುಳುಕಿದಾಗ ಪಿಟ್ಯುಟರಿ ಆಜ್ಞೆ ಕೊಡೋದನ್ನೇ ನಿಲ್ಲಿಸಿಬಿಡುತ್ತೆ. ಮಾತ್ರೆಯಿಂದ ಹಾರ್ಮೋನ್ ಹತೋಟಿಗೆ ಬಂದ್ರೂ ಅದು ಎಚ್ಚರ ಆಗೋಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಬಾಕಿ ಸಾಲವೆಲ್ಲ ತೀರಿಸಿದ ಮರುದಿನವೇ ಸಿಬಿಲ್ ಸ್ಕೋರ್ ಏರುತ್ತಾ? ಇಲ್ಲ ತಾನೆ? ಟಿಎಸ್‌ಎಚ್ ಹಳೇ ಕಥೆ ಹೇಳ್ತಿರುತ್ತೆ. ಇವತ್ತಿನ ಬ್ಯಾಲೆನ್ಸ್ ಹೇಳೋದು ಟಿ4 ಮತ್ತು ಟಿ3.

ಹಾಗಾಗಿ ಶುರುವಿನ ತಿಂಗಳುಗಳಲ್ಲಿ ಡಾಕ್ಟರು ಡೋಸ್ ನಿರ್ಧರಿಸೋದು ಫ್ರೀ ಟಿ4 ಮತ್ತು ಟಿ3 ನೋಡಿ. ಟಿ3 ಯಾಕೆ ಬೇಕು ಅಂದ್ರೆ, ಕೆಲವರಿಗೆ ಟಿ4 ಇಳಿದ್ರೂ ಟಿ3 ಏರಿಯೇ ಇರುತ್ತೆ. ಮೊದಲ ಪರೀಕ್ಷೆ ಸಾಮಾನ್ಯವಾಗಿ 2ರಿಂದ 6 ವಾರದೊಳಗೆ. ಹಾರ್ಮೋನ್ ಸ್ಥಿರವಾಗೋ ತನಕ 4ರಿಂದ 6 ವಾರಕ್ಕೊಮ್ಮೆ, ಆಮೇಲೆ 2-3 ತಿಂಗಳಿಗೊಮ್ಮೆ. ಪಿಟ್ಯುಟರಿ ಎಚ್ಚರ ಆದ್ಮೇಲೆ ಟಿಎಸ್‌ಎಚ್ ನಂಬಿಕೆಯ ಗುರುತೇ. ಮಾತ್ರೆ ಸಾಮಾನ್ಯವಾಗಿ 12ರಿಂದ 18 ತಿಂಗಳು. ನಿಲ್ಲಿಸೋ ಮುಂಚೆ ಟಿಎಸ್‌ಎಚ್ ರಿಸೆಪ್ಟರ್ ಆ್ಯಂಟಿಬಾಡಿ ಪರೀಕ್ಷೆ ಮಾಡಿಸ್ತಾರೆ. ಅದು ಏರಿಯೇ ಇದ್ರೆ ಕಾಯಿಲೆ ಮರಳಿ ಬರೋ ಸಾಧ್ಯತೆ ಹೆಚ್ಚು.

ರಕ್ತ ಕೊಡೋ ಮುಂಚೆ ಎರಡು ವಿಷಯ ನೆನಪಿಡಿ. ಒಂದು, ಕೂದಲು ಉದುರುತ್ತೆ ಅಂತ ನಮ್ಮಲ್ಲಿ ಎಷ್ಟೋ ಜನ ಬಯೋಟಿನ್ ಮಾತ್ರೆ ತಗೊಳ್ತೀವಿ. ಅದು ಕೆಲವು ಲ್ಯಾಬ್ ಕಿಟ್‌ಗಳನ್ನ ದಾರಿ ತಪ್ಪಿಸುತ್ತೆ. ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ3, ಟಿ4 ಸುಳ್ಳೇ ಜಾಸ್ತಿ ತೋರಿಸಿ, ಕಾಯಿಲೆ ಏರಿದ ಹಾಗೇ ಕಾಣುತ್ತೆ. ಕಡೇಪಕ್ಷ ಎರಡು ದಿನ ಮುಂಚೆ ನಿಲ್ಲಿಸಿ, ಡಾಕ್ಟರಿಗೂ ಹೇಳಿ. ಎರಡು, ಆದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ದೀಪಾವಳಿಗೆ ಊರಿಗೆ ಹೋದಾಗ ಅಲ್ಲಿ ಮಾಡಿಸಿದ್ರೆ ಯೂನಿಟ್ ನೋಡ್ಕೊಳ್ಳಿ. ಇಲ್ಲಿ ಡೆಸಿಲೀಟರಿಗೆ 1.3 ನ್ಯಾನೊಗ್ರಾಂ ಅಂದದ್ದು, ಅಲ್ಲಿ ಲೀಟರಿಗೆ ಸುಮಾರು 17 ಪಿಕೊಮೋಲ್ ಅಂತ ಬರಬಹುದು. ಎರಡೂ ಒಂದೇ.

ಥೈರಾಯ್ಡ್ ರಿಪೋರ್ಟ್ ಹೇಳದ ಅಪಾಯ ಒಂದಿದೆ. ಈ ಮಾತ್ರೆಯಿಂದ ಅಪರೂಪಕ್ಕೆ ಬಿಳಿ ರಕ್ತಕಣ ದಿಢೀರ್ ಕುಸಿಯಬಹುದು. ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದ್ರೆ ಮಾತ್ರೆ ನಿಲ್ಲಿಸಿ, ಅವತ್ತೇ ಡಾಕ್ಟರನ್ನ ಕಂಡು ರಕ್ತಕಣಗಳ ಎಣಿಕೆ ಮಾಡಿಸಿ. ಗರ್ಭಿಣಿ ಆಗೋ ಯೋಚನೆ ಇದ್ರೆ ಮೊದಲೇ ಹೇಳಿ, ಔಷಧಿಯನ್ನೇ ಬದಲಿಸಬೇಕಾಗಬಹುದು.

ನನ್ನ ಡೋಸನ್ನ ಡಾಕ್ಟರು ಇಳಿಸಿದ್ರು. ಮೈ ಹಗುರಾಗೋಕೆ ಒಂದು ತಿಂಗಳಿಗಿಂತ ಹೆಚ್ಚೇ ಹಿಡೀತು. ಈಗ ಪಿಡಿಎಫ್ ಬಂದ್ರೆ ಮೊದಲು ನೋಡೋದು ಟಿ4, ಟಿ3. ಆಮೇಲೆ ಟಿಎಸ್‌ಎಚ್. ಕೆಂಪು ಗುರುತು ಕಂಡ್ರೆ ಮಾತ್ರೆ ಡಬ್ಬಿಗೆ ಕೈ ಹಾಕೋದಿಲ್ಲ, ಡಾಕ್ಟರಿಗೆ ಫೋನ್ ಹಚ್ತೀನಿ. ನೀವೂ ಹಾಗೇ ಮಾಡಿ.