ಹಳೆಯ ಜೀಪಿನ ಬಾಗಿಲಿನ ತುಕ್ಕು: ಕಾರಣವೂ ದುರಸ್ತಿಯ ಕ್ರಮವೂ

ತೋಟ ಹೊಲಗಳ ಕೆಲಸಕ್ಕಾಗಿ ಹಳೆಯ ಜೀಪನ್ನು ಇಟ್ಟುಕೊಂಡಿರುವ ಜಮೀನುದಾರರು ಅನೇಕರುಂಟು. ಯಂತ್ರವು ಇನ್ನೂ ಗಟ್ಟಿಯಾಗಿರುವಾಗಲೇ ಬಾಗಿಲುಗಳ ಕೆಳಭಾಗದ ತಗಡು ತುಕ್ಕು ಹಿಡಿದು ಉದುರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಆಗ ತೂತಿಗೆ ಪುಟ್ಟಿಯನ್ನು ಮೆತ್ತಿಸಿ ಬಣ್ಣ ಬಳಿಸುವುದು ರೂಢಿ. ಇಂಥ ಕೆಲಸವು ಹೆಚ್ಚು ಕಾಲ ನಿಲ್ಲುವುದಿಲ್ಲ. ಹಣವೂ ವ್ಯರ್ಥ, ಬಾಗಿಲೂ ಮೊದಲಿಗಿಂತ ಹೆಚ್ಚಾಗಿ ಕೆಡುವುದು.

ತುಕ್ಕು ಬಹುಮಟ್ಟಿಗೆ ಒಳಗಿನಿಂದಲೇ ಹುಟ್ಟುತ್ತದೆ. ಗಾಜಿನ ಅಂಚಿನಿಂದ ಇಳಿದ ಮಳೆನೀರು ಹರಿದುಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಕೆಸರೂ ಧೂಳೂ ಇವನ್ನು ಮುಚ್ಚಿದರೆ ನೀರು ಒಳಗೇ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಪೊಟ್ಯಾಷ್ ಮೊದಲಾದ ಗೊಬ್ಬರಗಳ ಚೀಲಗಳಿಂದ ಉದುರಿದ ಉಪ್ಪು ಈ ಕ್ಷಯವನ್ನು ತ್ವರೆಗೊಳಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಬಣ್ಣವು ಗುಳ್ಳೆಯೇಳುತ್ತದೆ. ಗುಳ್ಳೆ ಕಾಣುವ ವೇಳೆಗೆ ಒಳಗಿನ ತಗಡು ಬಹಳ ಸವೆದಿರುವುದುಂಟು.

ದುರಸ್ತಿಗೆ ಮೊದಲು ತಿರುಪುಳಿಯ ತುದಿಯಿಂದ ತಗಡನ್ನು ಒತ್ತಿ ನೋಡತಕ್ಕದ್ದು. ಕೀಲುಗಳೂ ಚಿಲಕವೂ ಕೂಡುವ ಸ್ಥಳವೇ ಮೆತ್ತಗಾಗಿದ್ದರೆ ತೇಪೆಯನ್ನು ನಂಬಕೂಡದು. ಓಡುವ ವಾಹನದಲ್ಲಿ ಬಾಗಿಲು ತೆರೆದುಕೊಂಡು ಒಳಗಿದ್ದವರು ಬೀಳುವ ಅಪಾಯವುಂಟು. ಅಂಥ ಬಾಗಿಲನ್ನು ಬದಲಾಯಿಸುವುದೇ ಯೋಗ್ಯ.

ಕೆಳಭಾಗ ಮಾತ್ರ ಕೆಟ್ಟಿದ್ದಲ್ಲಿ ಬಾಗಿಲನ್ನು ಕಳಚಿ, ಗಾಜನ್ನೂ ರಬ್ಬರನ್ನೂ ತೆಗೆದು, ವಾಹನದಿಂದ ದೂರವಿಡಬೇಕು. ಹೊಳೆಯುವ ಗಟ್ಟಿ ಕಬ್ಬಿಣ ದೊರೆಯುವವರೆಗೆ ಕೆಟ್ಟ ತಗಡನ್ನು ಕತ್ತರಿಸಿ, ಅದೇ ದಪ್ಪದ ಹೊಸ ತಗಡಿನ ತುಂಡನ್ನು ಅಂಚಿಗೆ ಅಂಚು ಕೂಡುವಂತೆ ಅಳವಡಿಸಬೇಕು. ಮಾಡಿಗೆ ಹೊದಿಸುವ ಸತುವಿನ ಲೇಪದ ತಗಡು ಬೇಡ. ಬೆಸೆಯುವಾಗ ಅದರಿಂದೇಳುವ ಹೊಗೆಯು ಜ್ವರವನ್ನು ತರುತ್ತದೆ. ನೇಗಿಲು ಗಾಡಿಗಳ ದಪ್ಪ ಕಬ್ಬಿಣಕ್ಕೆ ಬಳಸುವ ಕಡ್ಡಿಯ ಬೆಸುಗೆಯು ತೆಳು ತಗಡನ್ನು ಸುಟ್ಟು ತೂತು ಮಾಡುವುದರಿಂದ ಮಿಗ್ ವೆಲ್ಡಿಂಗ್ ಉಳ್ಳ ಕಾರ್ಯಾಗಾರವನ್ನು ಆರಿಸುವುದು ಲೇಸು. ಒಂದೇ ಕಡೆ ಉದ್ದಕ್ಕೆ ಬೆಸೆದರೆ ಶಾಖದಿಂದ ತಗಡು ಸೊಟ್ಟಗಾಗುತ್ತದೆ. ಆದುದರಿಂದ ಇಲ್ಲೊಂದು ಅಲ್ಲೊಂದು ಚುಕ್ಕೆಯಿಟ್ಟು, ಪ್ರತಿಯೊಂದೂ ಆರಿದ ಮೇಲೆ ಮುಂದುವರಿಯತಕ್ಕದ್ದು.

ಬೆಸುಗೆಯ ಉಬ್ಬನ್ನು ಉಜ್ಜಿ ಸಮಮಾಡಿ, ಉಳಿದ ತುಕ್ಕನ್ನು ತಂತಿಯ ಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ತೆಗೆದು, ಎಣ್ಣೆಯ ಜಿಡ್ಡನ್ನು ಒರೆಸಿ, ತಡಮಾಡದೆ ತುಕ್ಕುನಿರೋಧಕ ಪ್ರೈಮರನ್ನು ಹಚ್ಚಬೇಕು. ಸಣ್ಣ ತಗ್ಗುಗಳಿಗೆ ಮಾತ್ರ ತೆಳುವಾಗಿ ಪುಟ್ಟಿ ಸಾಕು, ಬಣ್ಣವು ಕೊನೆಗೆ.

ಬಣ್ಣ ಒಣಗಿದೊಡನೆ ಕೆಲಸ ಮುಗಿಯಲಿಲ್ಲ. ಬಾಗಿಲಿನ ಒಳಮೈಗೆ ತುಕ್ಕುನಿರೋಧಕ ಮೇಣವನ್ನು ಸಿಂಪಡಿಸಿ, ತಳದ ರಂಧ್ರಗಳು ತೆರೆದಿವೆಯೇ ಎಂದು ನೋಡತಕ್ಕದ್ದು. ಮುಂಗಾರಿಗೆ ಮೊದಲೊಮ್ಮೆ, ಗೊಬ್ಬರ ಸಾಗಿಸಿದ ಮೇಲೆ ಪ್ರತಿಸಲವೂ, ಬಾಗಿಲನ್ನು ತೊಳೆದು ಕಡ್ಡಿಯಿಂದ ರಂಧ್ರಗಳನ್ನು ಬಿಡಿಸುವ ಅಭ್ಯಾಸವನ್ನು ಗ್ರಾಮದ ಮುಖಂಡರು ತಮ್ಮ ವಾಹನಗಳಲ್ಲಿ ಮೊದಲು ಪಾಲಿಸಿದರೆ ಇತರರೂ ಅನುಸರಿಸುವರು. ಕ್ಷಣಕಾಲದ ಈ ಶ್ರಮವು ದೊಡ್ಡ ವೆಚ್ಚವನ್ನು ತಪ್ಪಿಸುವುದು.